ಹಾವಿನ ಕಾಳಗ ಮತ್ತು ನನ್ನ ಬಾಯಿ

ಮೊದಲು ಖರ್ಚು ಬರೆದುಬಿಡುತ್ತೇನೆ. ಹದಿನಾಲ್ಕು ಭಾನುವಾರ. ವೈಟ್ಟಿಲ ಬಸ್‌ಸ್ಟ್ಯಾಂಡಿನಿಂದ ಶ್ರೀಕಾರ್ಯ ಎಂಬ ಊರಿಗೆ ಹದಿನಾಲ್ಕು ಸಲ ಬಸ್ಸು, ಅಷ್ಟೇ ಸಲ ವಾಪಸ್, ಒಂದು ದಾರಿಗೆ ಐದು ಗಂಟೆ. ನೋಟ್‌ಬುಕ್ಕಿನ ಅರವತ್ತು ಪುಟ. ಮತ್ತೆ, ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ ಎಂಬ ಇಪ್ಪತ್ತು ವರ್ಷದ ನಂಬಿಕೆ.

ಇಷ್ಟೂ ಒಂದು ಆಟಕ್ಕೆ ಮಾರಾಯ್ರೆ.

ಮೇಜಿನ ಸುತ್ತ ಕೂತು ಆಡುವ ಫ್ಯಾಂಟಸಿ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರಿಗೆ ಒಂದೊಂದು ಪಾತ್ರ. ನಿಮ್ಮ ಸರದಿ ಬಂದಾಗ ನಿಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳಿ ದಾಳ ಉರುಳಿಸಬೇಕು.

ಕಥೆ ನಡೆಸುವವಳು ಶ್ರುತಿ. ಕುಂಬಳೆಯವಳು, ಶ್ರೀಕಾರ್ಯದಲ್ಲಿ ಪಿಎಚ್‌ಡಿ. ಅವಳ ಲ್ಯಾಬಿಗೆ ಗಾಜಿನ ಸಾಮಾನು ಕೊಡಲಿಕ್ಕೆ ಹೋದಾಗ ನನ್ನ ಮಲಯಾಳ ಕೇಳಿಯೇ ಊರು ಹಿಡಿದಳು. "ಅಣ್ಣ, ನೀವು ಕಾಸರಗೋಡಿನವರಲ್ವಾ? ಭಾನುವಾರ ಬನ್ನಿ, ನಮಗೆ ಒಬ್ರು ಕಮ್ಮಿ ಉಂಟು."

ವಾರವಿಡೀ ಮಾತಾಡಿಯೇ ಮಾಲು ಮಾರುವವನು ನಾನು. ವೈಟ್ಟಿಲದ ಹತ್ತಿರ ಕಳಮಶ್ಶೇರಿಯ ನನ್ನ ಒಂಟಿ ರೂಮಿನಲ್ಲಿ ಭಾನುವಾರ ಅಂದರೆ ಬಟ್ಟೆ ಒಗೆಯುವ ದಿನ, ಒಂದು ಮಾತಿಗೂ ಗಿರಾಕಿ ಇಲ್ಲ.

ಹೋದೆ. ಮಂತ್ರವಾದಿಯ ಪಾತ್ರ ಆರಿಸಿಕೊಂಡೆ.

ನಿಯಮದ ಪುಸ್ತಕವನ್ನು ರೇಟ್ ಲಿಸ್ಟ್ ಓದಿದ ಹಾಗೆ ಓದಿದೆ. ಶುರುವಿನಲ್ಲಿ ಮಂತ್ರವಾದಿ ಊದಿದರೆ ಹಾರಿಹೋಗುವ ಆಸಾಮಿ. ಐದಾರು ಲೆವೆಲ್ ದಾಟಿದ ಮೇಲೆ ನೋಡಬೇಕು... ಒಂದು ಬೆಂಕಿ ಮಂತ್ರಕ್ಕೆ ಎಂಟು ರಾಕ್ಷಸರು ಬೂದಿ.

ಆಡುವವರು ಇನ್ನಿಬ್ಬರು. ಲೇಖ ಚೇಚಿ, ಸರಕಾರಿ ಆಫೀಸಿನಲ್ಲಿ ಗುಮಾಸ್ತೆ, ಆಟದಲ್ಲಿ ಕತ್ತಿ ಹಿಡಿದ ಯೋಧೆ; ನನಗೆ ಅವರು ಚೇಚಿ, ಅಂದರೆ ಅಕ್ಕ, ಅವರಿಗೆ ನಾನು ಚೇಟ್ಟಾ, ಅಣ್ಣ. ಸರದಿಗೆ ಎರಡೇ ಏಟು. ಬೇಕರಿ ನಡೆಸುವ ನಿಸಾರ್ ಆಟದಲ್ಲಿ ಕಳ್ಳ. ಬೀಗ ತೆಗೆಯುವುದು ಅವನ ಕಸುಬು.

ನಾನು ಅವರಿಗೆ ಸಹಾಯವನ್ನೂ ಮಾಡುತ್ತಿದ್ದೆ. ಚೇಚಿ ಎಡಕ್ಕೆ ನಿಲ್ಲಿ, ನಿಸಾರ್ ನೀನು ಬಾಗಿಲ ಹಿಂದೆ, ಉಳಿದದ್ದು ನನಗೆ ಬಿಡಿ. ಎಲ್ಲ ಕಾಳಗವೂ ಹತ್ತು ನಿಮಿಷದಲ್ಲಿ ಖಲಾಸ್. ಎಲ್ಲರಿಗೂ ಖುಷಿ ಅಂದುಕೊಂಡಿದ್ದೆ.

ಹದಿಮೂರನೇ ಭಾನುವಾರ ಕಳೆದ ಮೇಲೆ, ಬುಧವಾರ, ನಿಸಾರ್ ನಮ್ಮ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೊ ಹಾಕಿ ತಕ್ಷಣ ಅಳಿಸಿದ.

ನಾನು ನೋಡಿಯಾಗಿತ್ತು. ಅದೇ ಮೇಜು, ಅದೇ ದಾಳ, ಮೂರೇ ಜನ. ಬಾಯಿ ತುಂಬ ನಗು. ನಾನಿಲ್ಲದೆ ಆಡುತ್ತಿದ್ದರು.

ಇನ್ನು ನನ್ನನ್ನು ಕರೆಯದಿದ್ದರೆ? ಆ ಮೇಜು ಬಿಟ್ಟರೆ, ಏನೂ ಕೊಳ್ಳಲಿಕ್ಕೆ ಇಲ್ಲದಿದ್ದರೂ ನನಗಾಗಿ ಕಾಯುವವರು ವಾರದಲ್ಲಿ ಯಾರೂ ಇಲ್ಲ.

ತಪ್ಪು ಮಂತ್ರವಾದಿಯ ಬಲದ್ದು ಅಂತ ತೀರ್ಮಾನಿಸಿದೆ. ಬ್ಯಾಲೆನ್ಸ್ ಮಾಡಿದರಾಯಿತು. ಹದಿನಾಲ್ಕನೇ ಭಾನುವಾರ ಮೂರು ಪುಟ ಟೈಪ್ ಮಾಡಿಕೊಂಡು ಹೋದೆ: ಮಂತ್ರಗಳ ಸಂಖ್ಯೆ ಅರ್ಧ, ನಾನು ಉರುಳಿಸುವ ದಾಳ ಮೂರು ಕಡಿಮೆ, ಬೆಂಕಿ ಹೊತ್ತಿಕೊಳ್ಳದೇ ಹೋಗುವ ಸಾಧ್ಯತೆಯೂ ಸೇರಿಸಿದ್ದೆ.

ಲೇಖ ಚೇಚಿ ಮೂರೂ ಪುಟವನ್ನು ಫೈಲ್ ಓದಿದ ಹಾಗೆ ಓದಿ ಬದಿಗಿಟ್ಟರು.

"ಚೇಟ್ಟಾ, ಕಳೆದ ವಾರ ಸೇತುವೆ ಮೇಲೆ ನಾನೇನು ಮಾಡಿದೆ?"

ಪ್ರತಿ ಕಾಳಗವನ್ನೂ ಬರೆದಿಡುವ ನನ್ನ ನೋಟ್‌ಬುಕ್ಕಿನಲ್ಲಿ ಇಲ್ಲದ್ದುಂಟೇ? "ಎಡಕ್ಕೆ ನಿಂತಿರಿ."

"ಹಾಗಂತ ಹೇಳಿದ್ದು ಯಾರು?"

ಪುಟ ತಿರುಗಿಸಿದೆ. ಹಿಂದಿನ ವಾರ, ಅದರ ಹಿಂದಿನ ವಾರ... ಎಲ್ಲರ ಸರದಿಯನ್ನೂ ನಾನೇ ಆಡಿದ್ದೆ.

"ಬೀಗಕ್ಕೆ ಕೈ ಹಾಕುವ ಮೊದಲೇ ನೀವು ಬಾಗಿಲನ್ನೇ ಕರಗಿಸ್ತೀರಿ," ಅಂದ ನಿಸಾರ್. "ಕಳ್ಳನಿಗೇ ಕೆಲಸ ಇಲ್ಲದ ಊರು ಎಲ್ಲಾದರೂ ಉಂಟಾ ಚೇಟ್ಟಾ?"

ನನ್ನ ಮೂರು ಪುಟದ ಬದಲಿಗೆ ಚೇಚಿ ಒಂದೇ ನಿಯಮ ಹೇಳಿದರು. ಮಂತ್ರದ ಬಲ ಇದ್ದಷ್ಟೇ ಇರಲಿ. ಆದರೆ ಈ ಸರದಿಯಲ್ಲಿ ಜಪ ಶುರು ಮಾಡಿದರೆ ಮಂತ್ರ ಹೊರಡುವುದು ಮುಂದಿನ ಸರದಿಗೆ. ಅಲ್ಲಿಯವರೆಗೆ ಮಂತ್ರವಾದಿ ಮಾತಾಡುವ ಹಾಗಿಲ್ಲ. ಆ ಪಾತ್ರ ಆಡುವ ನಾನೂ.

ಶ್ರುತಿ ನಗು ತಡೆದುಕೊಂಡು ಕೇಳಿದಳು, "ಅಣ್ಣ, ಆಗ್ತದಾ?"

ಆಗುತ್ತದೆ ಅಂದೆ. ಬೇರೆ ದಾರಿ ಇತ್ತಾ?

ಅವತ್ತು ಕೆರೆಯಿಂದ ಏಳು ತಲೆಯ ಹಾವು ಎದ್ದಿತು. ನನ್ನ ಅತಿ ದೊಡ್ಡ ಮಂತ್ರದ ಜಪ ಶುರುಮಾಡಿ ಬಾಯಿ ಮುಚ್ಚಿದೆ.

ನಿಸಾರ್ ಯೋಚಿಸುತ್ತಿದ್ದಾನೆ. ಮರ ಹತ್ತಿ ಹಗ್ಗ ಬಿಟ್ಟರೆ ಮುಗಿಯಿತು, ನನಗೆ ಗೊತ್ತು, ನಾಲಿಗೆ ತುದಿಯಲ್ಲೇ ಇದೆ. ಅವನು ಹಾವಿನ ಬೆನ್ನೇರಲು ಹೋಗಿ ಕೆಸರಿಗೆ ಬೀಳುತ್ತಾನೆ. ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಆಮೇಲೆ ಚೇಚಿ ಮೆಲ್ಲಗೆ ಹೇಳುತ್ತಾರೆ, "ನಾನು ಓಡಲ್ಲ. ನನ್ನ ತಂಗಿ ಮುಳುಗಿದ್ದು ಇದೇ ಕೆರೆಯಲ್ಲಿ."

ಯೋಧೆಗೆ ತಂಗಿಯಿದ್ದಳೇ! ಶ್ರುತಿಗೆ ಗೊತ್ತಿತ್ತು, ನಿಸಾರನಿಗೂ. ಚೇಚಿಯ ಪಾತ್ರದ ಹಾಳೆಯಲ್ಲಿ ಮೊದಲ ದಿನದಿಂದ ಬರೆದಿತ್ತಂತೆ. ನನ್ನ ಅರವತ್ತು ಪುಟದಲ್ಲಿ ಅದೊಂದು ಇರಲಿಲ್ಲ.

ಆಡಿದ್ದು ಒಂದೇ ಸುತ್ತು, ಎರಡು ಗಂಟೆ. ನನ್ನ ಸರದಿ ಮತ್ತೆ ಬರುವ ಮೊದಲೇ ಚೇಚಿಯ ಕತ್ತಿಗೆ ಹಾವು ಬಿತ್ತು. ಚೇಚಿ ಎದ್ದು ನಿಂತು ಕಿರುಚಿದರು, ನಿಸಾರ್ ಮೇಜು ಗುದ್ದಿದ. ಯಾರಿಗೂ ನನ್ನ ಮಂತ್ರದ ನೆನಪಾಗಲಿಲ್ಲ. ಬೇಕೆಂದು ಮರೆತದ್ದಲ್ಲ, ಬೇಕಾಗಿರಲಿಲ್ಲ ಅಷ್ಟೇ.

ಹೊರಡುವಾಗ ಚೇಚಿಯೇ ಕೇಳಿದರು, "ಬರ್ತೀರಲ್ಲ?" ತಲೆಯಾಡಿಸಿದೆ.

ಬಸ್ಸು ಕೊಲ್ಲಂ ದಾಟಿದರೂ ಬಾಯಿ ತೆರೆಯಲಿಲ್ಲ. ಆ ನಿಯಮ ಬಸ್ಸಿಗೆ ಇಲ್ಲ, ಗೊತ್ತು. ಆದರೂ...

ಯಾರಿಗೆ ಏನು ಸಿಕ್ಕಿತು ಅಂದರೆ: ಚೇಚಿಗೆ ಹಾವು, ನಿಸಾರನಿಗೆ ಕೆಸರು, ಶ್ರುತಿಗೆ ಒಂದು ಒಳ್ಳೆಯ ಕಾಳಗ, ನನಗೆ ಮುಂದಿನ ಭಾನುವಾರ.