ಅಜ್ಜಿಯ ಮಾತಿದ್ದ ಡಬ್ಬಿ

ನಮ್ಮ ಮನೆಯ ಟಿವಿ ಪಕ್ಕದಲ್ಲಿ ಟಿಫಿನ್ ಕ್ಯಾರಿಯರ್‌ನಷ್ಟು ಎತ್ತರದ ಕಪ್ಪು ಡಬ್ಬಿಯೊಂದಿತ್ತು. ಒಳಗೆ ಎರಡು ಡಿಸ್ಕು. ಬೈರಕೂರಿನ ಅಜ್ಜಿ, ಅಮ್ಮನ ತಾಯಿ, ತೀರಿಕೊಳ್ಳುವ ಮೊದಲು ನಾನು ಫೋನಿನಲ್ಲಿ ಹಿಡಿದಿಟ್ಟಿದ್ದ ಅವಳ ಕಥೆ, ಒಗಟು, ಬೈಗುಳ ಎಲ್ಲ ಅದರಲ್ಲಿದ್ದವು. ಫೋನು ತುಂಬಿತೆಂದು ಅಲ್ಲಿಂದ ಅಳಿಸಿದ್ದೆ. ಒಂದು ಡಿಸ್ಕು ಕೆಟ್ಟರೆ ಇನ್ನೊಂದಿದೆಯಲ್ಲ ಎಂಬ ಧೈರ್ಯ.

ನಾನದನ್ನು ಸರ್ವರ್ ಎನ್ನುತ್ತಿದ್ದೆ. ನರಸಾಪುರದ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಬಾಮೈದ ಒಪ್ಪುತ್ತಿರಲಿಲ್ಲ. ಶ್ರೀನಿವಾಸಪುರದ ತಂಗಿ ಫೋನಿನಲ್ಲಿ ಕೇಳಿದ ಕೂಡಲೇ ಕೋಲಾರದ ನಮ್ಮನೆಯಿಂದ ಕಥೆ ಹೋಗುತ್ತದೆ, ಕೇಳಿದವರಿಗೆ ಬಡಿಸಿದ ಮೇಲೆ ಇನ್ನೇನು ಬೇಕು ಎಂದು ನನ್ನ ವಾದ.

"ಬಡ್ಸೋರೆಲ್ಲ ಅಡುಗೆ ಭಟ್ರಾ ಬಾವ?" ಎಂದು ನಗುತ್ತಿದ್ದ. ಅವನ ಪ್ರಕಾರ ಸರ್ವರ್ ಎಂದರೆ ಬೀಗ ಹಾಕಿದ ಕೋಣೆಯಲ್ಲಿರಬೇಕು, ಹೇಳದೆ ಕೇಳದೆ ಅದರ ವೈರು ಯಾರೂ ಮುಟ್ಟಬಾರದು.

ಆಯುಧಪೂಜೆಯ ದಿನ ನಾನು ಹೊರಗೆ ಬೈಕು ತೊಳೆಯುತ್ತಿದ್ದೆ. ಅಮ್ಮನ ಲೆಕ್ಕದಲ್ಲಿ ಆವತ್ತು ಯಾವ ಯಂತ್ರವೂ ದುಡಿಯಬಾರದು. ಮಿಕ್ಸಿ, ಹೊಲಿಗೆ ಮೆಷಿನ್ನು ಆದ ಮೇಲೆ ಡಬ್ಬಿಯ ವೈರನ್ನೂ ಕಿತ್ತು, ಒರೆಸಿ, ವಿಭೂತಿ ಎಳೆದು, ಮಾವಿನೆಲೆಯಲ್ಲಿ ಅರಿಶಿನದ ನೀರು ಚಿಮುಕಿಸಿ ಹೂವಿಟ್ಟಳು. ಗಾಳಿಕಿಂಡಿಯೊಳಗೆ ನೀರಿಳಿದದ್ದು ಯಾರಿಗೂ ಕಾಣಲಿಲ್ಲ. ಮಾರನೆಯ ಬೆಳಿಗ್ಗೆ ತಾನೇ ಸ್ವಿಚ್ಚು ಹಾಕಿದಳು. ಚಟ್ ಎಂದಿತು, ಸುಟ್ಟ ವಾಸನೆ ಬಂತು.

ಬಾಮೈದ ಶಿಫ್ಟ್ ಮುಗಿಸಿಕೊಂಡು ನೇರ ಬಂದ. ಡಬ್ಬಿ ಬಿಚ್ಚಿದವನು ನಗಲಿಲ್ಲ. ನನಗೋ ಬಾಯಿ ಸುಮ್ಮನಿರದು, ನಿಜವಾದ ಸರ್ವರ್ ಆಗಿದ್ದರೆ ಹೀಗಾಗುತ್ತಿರಲಿಲ್ಲ ಅಲ್ಲವೇ ಎಂದೆ.

"ಹೆಸ್ರು ಏನಾದ್ರೂ ಇಟ್ಕೊಳ್ಳಿ ಬಾವ. ಅಜ್ಜಿ ಮಾತು ಇನ್ನೆಲ್ಲಾದ್ರೂ ಇದ್ಯಾ?"

ಎಲ್ಲೂ ಇರಲಿಲ್ಲ. ಎರಡು ಡಿಸ್ಕೂ ಇದ್ದದ್ದು ಒಂದೇ ಡಬ್ಬಿಯಲ್ಲಿ.

ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ನಮ್ಮಮ್ಮ ಇರೋ ಡಬ್ಬಿ ಅಂತ, ಮಿಕ್ಸಿಗಿಂತ ಒಂದು ಕೈ ಜಾಸ್ತೀನೇ ನೀರು ಹಾಕ್ದೆ ಕಣೋ," ಎಂದಳು.

ಡಿಸ್ಕುಗಳನ್ನು ಟವೆಲ್ಲಿನಲ್ಲಿ ಸುತ್ತಿ ಬಾಮೈದ ತೆಗೆದುಕೊಂಡು ಹೋಗಿದ್ದಾನೆ. ಕೆಟ್ಟ ಡಿಸ್ಕಿನಿಂದ ಒಳಗಿದ್ದದ್ದನ್ನು ಎತ್ತಿಕೊಡುವವರಿದ್ದಾರಂತೆ, ಭರವಸೆ ಮಾತ್ರ ಕೊಡುವುದಿಲ್ಲವಂತೆ.

ನಿನ್ನೆ ಸಂಜೆ ಅಮ್ಮ ಅಜ್ಜಿಯ ನರಿ ಕಥೆ ಹೇಳೆಂದಳು. ಶುರು ಮಾಡಿದೆ. ನರಿ ಹುಣಸೆಮರವನ್ನು ಮಾತಾಡಿಸುವ ಕಡೆ ಅಜ್ಜಿ ತೆಲುಗಿಗೆ ಹೊರಳಿ ರಾಗ ಎಳೆಯುತ್ತಿದ್ದಳು. ಅಲ್ಲಿಗೆ ಬಂದು ನಿಂತುಬಿಟ್ಟೆ. ಅಲ್ಲಿಂದ ಅಮ್ಮ ಮುಂದುವರಿಸಿದಳು. ಪದಗಳು ಬಂದವು, ಆ ಎಳೆತ ಬರಲಿಲ್ಲ. ಮತ್ತೊಮ್ಮೆ ಅಂದು ನೋಡಿದಳು. ಆಮೇಲೆ ನಮ್ಮಿಬ್ಬರ ನಡುವೆ ರೆಕಾರ್ಡಿಂಗಿಗೆ ಇಟ್ಟಿದ್ದ ಫೋನನ್ನು ಎತ್ತಿ, ಸೌಂಡು ಬಂದಿದೆಯೋ ಇಲ್ಲವೋ ನೋಡು ಎಂದು ನನ್ನ ಕೈಗೆ ಕೊಟ್ಟಳು.