ಕ್ಯಾಲ್ಕ್ಯುಲೇಟರಿಗೆ ಕೊಟ್ಟ ನೀರು

ಪತ್ರಿಕೆಯಲ್ಲಿ ಬರುವ ಅಂಕಿಗಳ ಒಗಟನ್ನು ನಾನು ಕಂಪ್ಯೂಟರಿನ ಕ್ಯಾಲ್ಕ್ಯುಲೇಟರ್ ಹಿಡಿದು ಬಿಡಿಸುತ್ತೇನೆ. ಇದು ಮೋಸವೆಂದು ಗೊತ್ತು. ಆದರೆ ಕಚೇರಿಯಿಂದ ನಿವೃತ್ತನಾದವನಿಗೆ ಬೆಳಗಿನ ಹೊತ್ತು ಇಷ್ಟಾದರೂ ಗೆಲುವು ಬೇಡವೇ?

ಈಚೆಗೆ ಆ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಯಿತು. ಅದು ಯಾರನ್ನೂ ಕೇಳಿ ಮಾಡುವುದಿಲ್ಲ. ಆ ವಿಷಯದಲ್ಲಿ ನಾವಿಬ್ಬರೂ ಒಂದೇ ಜಾತಿ. ಶಿಕ್ಷಕಿಯಾದ ನನ್ನ ಹೆಂಡತಿ ಶಿವಲೀಲಾಳಿಗೆ ಬಡ್ತಿ ಸಿಕ್ಕಿ, ಬೇವೂರಿನ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾಗಿ ಹೋಗುವ ಅವಕಾಶ ಬಂದಿತ್ತು. ನಾನು ನೆಂಟರ ಮುಂದೆ, ಅವಳನ್ನು ಒಂದು ಮಾತೂ ಕೇಳದೆ, "ಬೇವೂರು ದೂರ ಆಗತೈತ್ರಿ, ಅಕಿ ಬ್ಯಾಡ ಅಂತಾಳ" ಎಂದುಬಿಟ್ಟೆ. ಅಂದಿನಿಂದ ಕೊಪ್ಪಳದ ನಮ್ಮ ಮನೆಯಲ್ಲಿ ಬಾಯಿ ಬಿಡುತ್ತಿದ್ದುದು ಕುಕ್ಕರ್ ಒಂದೇ.

ನಮ್ಮ ಕಡೆ ಗಂಡ ಹೆಂಡಿರ ಮಾತು ನಿಂತರೆ ನಡುವೆ ಯಾರಾದರೂ ಬೇಕು. ಹಳೆಯ ಕಾವ್ಯಗಳ ಪ್ರೇಮಿಗಳಿಗೆ ಹಂಸವೋ ಮೋಡವೋ ಸಂದೇಶ ಒಯ್ಯುತ್ತಿದ್ದವಂತೆ. ನಾನು ಹುಟ್ಟಿ ಬೆಳೆದ ಯಲಬುರ್ಗಾದ ಮನೆಯಲ್ಲಿ ಆ ಕೆಲಸ ಎಮ್ಮೆಯದು. "ಉಣ್ಣಾಕ ಏಳು ಅಂತ ಹೇಳವ್ವ ಅವರಿಗೆ" ಎಂದು ಅವ್ವ ಎಮ್ಮೆಯ ಬೆನ್ನು ಸವರುತ್ತಿದ್ದಳು, ಅಪ್ಪ ಏಳುತ್ತಿದ್ದ. ಈಗಿನ ಬಾಡಿಗೆ ಮನೆಯಲ್ಲಿ ಎಮ್ಮೆ ಕಟ್ಟಲು ಜಾಗವೆಲ್ಲಿ? ಬೇವೂರಿಗೆ ಹೋಗುವ ಬಗ್ಗೆ ಇಲಾಖೆಗೆ ಉತ್ತರ ಕೊಡಲು ಕೊನೆಯ ದಿನ ಬಂದರೂ ನಮ್ಮ ಮೌನ ಹಾಗೇ ಇತ್ತು.

ಆ ಬೆಳಿಗ್ಗೆ ಒಗಟಿಗೆ ಕೂತು ಒಂಬತ್ತನ್ನು ಒತ್ತಿದೆ. "ಒಂಬತ್ತು" ಎಂದಿತು ಕ್ಯಾಲ್ಕ್ಯುಲೇಟರು, ಗಟ್ಟಿಯಾದ ಹೆಣ್ಣುದನಿಯಲ್ಲಿ. ಅಪ್‌ಡೇಟ್ ಅದಕ್ಕೆ ಬಾಯಿ ಕೊಟ್ಟಿತ್ತು, ಅದೂ ಪಠ್ಯಪುಸ್ತಕದ ಕನ್ನಡದಲ್ಲಿ. ಗಾಬರಿಯಿಂದ ಸಿಕ್ಕ ಸಿಕ್ಕ ಗುಂಡಿ ಒತ್ತಿದೆ. ಮಹಾತಾಯಿ ಒಂದನ್ನೂ ಬಿಡದೆ ಓದಿದಳು.

ಮನೆಗೆ ಯಾರೇ ಬರಲಿ, ನಮ್ಮಲ್ಲಿ ಮೊದಲು ನೀರು, ಆಮೇಲೆ ಮಾತು. "ಬರ್ರಿ ಅಕ್ಕಾರ, ಕುಂದರ್ರಿ" ಎನ್ನುತ್ತ ಶಿವಲೀಲಾ ನೀರಿನ ತಂಬಿಗೆ ಹಿಡಿದು ಅಡುಗೆಮನೆಯಿಂದ ಬಂದಳು. ಅಕ್ಕ ಯಾರೂ ಇರಲಿಲ್ಲ. ನಾನು ಸಾಕ್ಷಿಗೆಂದು ಮತ್ತೆ ಒಂಬತ್ತನ್ನು ಒತ್ತಿದೆ. "ಒಂಬತ್ತು."

ಅವಳು ತಂಬಿಗೆಯನ್ನು ಕಂಪ್ಯೂಟರಿನ ಪಕ್ಕ ಇಟ್ಟಳು. "ಕುಡಿಯವ್ವ. ಈ ಮನ್ಯಾಗ ನೀನರ ಮಾತಾಡಿದಿ. ನಿನ್ನ ಬಾಜೂಕ ಕುಂತಾರಲ್ಲ, ಅವರಿಗೆ ಹೇಳು. ಸಾಲಿ ನಡಸಬೇಕಂತ ನನಗ ಭಾಳ ಆಸೆ ಐತಿ. ನಾ ಹೋಗಾಕಿ."

ನಾನೂ ಪರದೆಯ ಕಡೆಗೇ ತಿರುಗಿದೆ. "ಅಕಿಗೆ ಹೇಳವ್ವ, ದೂರದ್ದಲ್ಲ ಚಿಂತಿ. ಅಕಿ ಬರೂತನಕ ಮನಿ ಬಿಕೋ ಅಂತೈತಿ. ಒಬ್ಬಾವ ಇರಾಕ ನನಗ ಆಗಂಗಿಲ್ಲ."

ಇದು ನನ್ನ ಹೊಟ್ಟೆಯಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ದೂರ, ಬಸ್ಸು, ಬಿಸಿಲು ಎಂದೆಲ್ಲ ವಾದ ಹೂಡಿಟ್ಟುಕೊಂಡಿದ್ದೆ. ಲೆಕ್ಕ ಮಾಡುವವಳ ಮುಂದೆ ಅವೆಲ್ಲ ನಾಲಿಗೆಗೆ ಬರಲೇ ಇಲ್ಲ.

ಶಿವಲೀಲಾ ನನ್ನ ಕುರ್ಚಿಯನ್ನು ತನ್ನ ಕಡೆಗೆ ತಿರುಗಿಸಿದಳು. "ಇದನ್ನ ಅಕಿಗ್ಯಾಕ ಹೇಳ್ತೀರಿ? ನನಗ ಹೇಳ್ರಿ."

ಹೇಳಿದೆ. ಎರಡನೆಯ ಸಲ ಹೇಳುವುದು ಹೆಚ್ಚು ಕಷ್ಟವಾಯಿತು. ಕೊನೆಗೆ "ಹೋಗಿ ಬಾ" ಎಂದೂ ಹೇಳಿದೆ.

ಆ ಅಪ್‌ಡೇಟ್ ಮಾಡಿದವರು ಯಾವ ಊರಿನವರೋ, ಬೇಕೆಂದು ಮಾಡಿದರೋ ತಪ್ಪಿ ಮಾಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಈಗ ದಿನವೂ ಸಂಜೆ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇನೆ. ಬಸ್ಸು ಇನ್ನೂ ನಿಂತಿರುವುದಿಲ್ಲ. ಶಿವಲೀಲಾ ಕಿಟಕಿಯಿಂದಲೇ ಶಾಲೆಯ ಸುದ್ದಿ ಶುರು ಮಾಡಿರುತ್ತಾಳೆ.