ಏಷ್ಯಾ ಖಂಡದಲ್ಲಿ ಒಂದು ಪರಿಷೇಚನೆ

ಏಷ್ಯಾ ಖಂಡವನ್ನು ನೋಡಲು ಉಡುಪಿಯಿಂದ ಮಣಿಪಾಲಕ್ಕೆ ಹೋಗಬೇಕೆಂದು ನನಗೆ ಗೊತ್ತಾದದ್ದು ಅರವತ್ತೆರಡನೆಯ ವಯಸ್ಸಿನಲ್ಲಿ. ಹೈಸ್ಕೂಲಿನಲ್ಲಿ ಅಷ್ಟು ವರ್ಷ ಭೂಗೋಳ ಪಾಠ ಮಾಡಿದವನು ನಾನು. ಉಡುಪಿಯೂ ಏಷ್ಯಾದಲ್ಲೇ ಇದೆಯೆಂದು ನಂಬಿಕೊಂಡಿದ್ದೆ. ಅಲ್ಲವಂತೆ. ಏಷ್ಯಾ ಇರುವುದು ಮಣಿಪಾಲದ ಒಂದು ಕಟ್ಟಡದ ಮೂರನೆಯ ಮಾಳಿಗೆಯಲ್ಲಿ, ಕೆಂಪು ಕಾಗದದ ಲಾಟೀನುಗಳ ಕೆಳಗೆ. ಗೋಡೆಯ ಮೇಲೆ ಡ್ರ್ಯಾಗನ್. ಬಾರಿನ ಬಾಟಲಿಗಳ ಸಾಲಿನ ನಡುವೆ ಊದುಬತ್ತಿಯ ಹೊಗೆ ಕುಡಿಯುತ್ತ ಕಣ್ಣು ಮುಚ್ಚಿ ಕುಳಿತ ಬುದ್ಧ. ಪಾಪ, ಕಣ್ಣು ಮುಚ್ಚದೆ ಅವನಾದರೂ ಏನು ಮಾಡಿಯಾನು!

ನಾನು ಅಲ್ಲಿಗೆ ಹೋದದ್ದು ಕುಡಿಯಲಿಕ್ಕಲ್ಲ, ಬೇಡ ಎನ್ನಲಿಕ್ಕೆ. ನಮ್ಮ ಒಬ್ಬಳೇ ಮಗಳು ಮಣಿಪಾಲದಲ್ಲಿ ಉಪನ್ಯಾಸಕಿ. ಆ ಬಾರಿನಲ್ಲಿ ಕಾಕ್‌ಟೇಲ್ ಬೆರೆಸುವ ಹುಡುಗನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಅವನ ತಂದೆ ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿನ ಹಾಸ್ಟೆಲುಗಳಿಗೆ ಗೋಡೆ ಕಟ್ಟಿದ ಮೇಸ್ತ್ರಿ. ಮಗ ಬೆಳೆದದ್ದು ಪರ್ಕಳದಲ್ಲಿ. ನಮ್ಮದೋ, ಅಜ್ಜನ ಕಾಲದಿಂದ ಮಠದ ಪಂಕ್ತಿಯಲ್ಲಿ ಕುಳಿತು ಉಂಡ ಮನೆತನ. ನಾಲ್ಕು ತಿಂಗಳು ನಾನು ಮಗಳ ಹತ್ತಿರ ಸರಿಯಾಗಿ ಮಾತನಾಡಿರಲಿಲ್ಲ. ಕೊನೆಗೆ ಅವಳೇ ಬಂದು ಎದುರು ಕುಳಿತಳು.

"ಅಪ್ಪ, ಒಂದು ಸಲ ಅವನು ಕೆಲಸ ಮಾಡುವಲ್ಲಿಗೆ ಬಂದು ಊಟ ಮಾಡಿ. ಆಮೇಲೆಯೂ ಬೇಡ ಅಂದರೆ ನಾನು ಮತ್ತೆ ಈ ಸುದ್ದಿ ಎತ್ತುವುದಿಲ್ಲ. ಆದರೆ ಬೇರೆ ಯಾರನ್ನೂ ಮದುವೆಯಾಗುವುದಿಲ್ಲ."

"ಅಲ್ಲ ಮಾರಾಯ್ತಿ, ಬಾರಿನಲ್ಲಿ ಎಂತ ಗಂಡು ನೋಡುವ ಶಾಸ್ತ್ರ?" ಎಂದು ರೇಗಿದೆ.

"ಊಟ ತಾನೇ, ಹೋಗಿ ಬರುವ," ಎಂದಳು ನನ್ನ ಹೆಂಡತಿ. ಅವಳಿಗೂ ಬಾರು ನೋಡುವ ಆಸೆ ಇತ್ತೆಂದು ನನ್ನ ಅನುಮಾನ. ಒಳ್ಳೆಯ ರೇಷ್ಮೆ ಸೀರೆ ಉಟ್ಟು, ಶಂಕರಪುರದ ಮಲ್ಲಿಗೆ ಮುಡಿದು ಹೊರಟಿದ್ದಳು.

ಸಂಜೆ ಏಳಕ್ಕೇ ಅಲ್ಲಿ ಗಲಾಟೆಯೋ ಗಲಾಟೆ. ಕೌಂಟರಿನ ಹಿಂದೆ ಕರಿ ಅಂಗಿಯ ಹುಡುಗನೊಬ್ಬ ಸ್ಟೀಲಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದ. ನಮ್ಮನ್ನು ಕಂಡದ್ದೇ ಡಬ್ಬಿ ಇಟ್ಟು, ಕೈ ತೊಳೆದುಕೊಂಡು ಬಂದು ನಮಸ್ಕರಿಸಿದ. "ನೀರುಳ್ಳಿ, ಬೆಳ್ಳುಳ್ಳಿ ಎಂತದೂ ಇಲ್ಲ ಸರ್. ಹೊಸ ಪಾತ್ರೆಯಲ್ಲಿ ಮಾಡಿಸಿದ್ದು. ನಾನು ಹತ್ತಿರವೇ ನಿಂತಿದ್ದೆ." ಹೆಂಡತಿಗೆ ಉದ್ದ ಕಾಲಿನ ಗ್ಲಾಸಿನಲ್ಲಿ ಕೆಂಪಗಿನದೇನನ್ನೋ ತಂದುಕೊಟ್ಟ. ಅವಳು ಅನುಮಾನದಿಂದಲೇ ಒಂದು ಗುಟುಕು ಕುಡಿದು, "ಅಯ್ಯೋ, ಇದು ನಮ್ಮ ಪುನರ್ಪುಳಿ ಶರಬತ್ತು ಅಲ್ವಾ!" ಎಂದು ಅರಳಿದಳು. ಲಂಚ ಎಂದುಕೊಂಡೆ ನಾನು. ಅವನು ಕೌಂಟರಿಗೆ ಮರಳಿದ. ಮಗಳೂ ಏನೋ ಹೇಳಲು ಅವನ ಹಿಂದೆ ಹೋದಳು.

ಊಟ ಬಂತು. ಬಾಳೆಲೆಯಲ್ಲಿ ಸುತ್ತಿದ ಅನ್ನ, ತೆಂಗಿನ ಹಾಲಿನಲ್ಲಿ ಬೆಂದ ತರಕಾರಿ. ಯಾವ ದೇಶದ್ದೋ ಏನೋ, ಎಲೆ ಬಿಚ್ಚಿದರೆ ಮನೆಯಲ್ಲಿ ಕಡುಬು ಬೇಯಿಸುವಾಗಿನ ಪರಿಮಳವೇ. ಬಡಿಸುವ ಹುಡುಗಿ ನಮ್ಮಿಬ್ಬರ ಮುಂದೆ ಒಂದೊಂದು ಪುಟ್ಟ ಮಣ್ಣಿನ ಬಟ್ಟಲು ಇಟ್ಟು ನಕ್ಕು ಹೋದಳು. ಒಳಗೆ ತಿಳಿನೀರು.

ಎದುರಿಗೆ ಎಲೆ, ಎಲೆಯ ಮೇಲೆ ಅನ್ನ, ಪಕ್ಕದಲ್ಲಿ ನೀರು. ಉಪನಯನವಾದಂದಿನಿಂದ ಈ ಮೂರನ್ನು ಒಟ್ಟಿಗೆ ಕಂಡರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ. ಅಂಗೈಗೆ ಬಗ್ಗಿಸಿಕೊಂಡು, ಮಂತ್ರ ಹೇಳುತ್ತ ಎಲೆಯ ಸುತ್ತ ಬಿಟ್ಟು ಪರಿಷೇಚನೆ ಮಾಡಿದೆ. ಅನ್ನವನ್ನು ಸತ್ಯದಿಂದ ಸುತ್ತುವರಿಯುತ್ತೇನೆ ಎಂಬ ಅರ್ಥದ ಮಂತ್ರ ಅದು. ಉಳಿದದ್ದನ್ನು ಮತ್ತೆ ಅಂಗೈಗೆ ಹಾಕಿಕೊಂಡು, ಊಟಕ್ಕೆ ಮುಂಚಿನ ಆಪೋಶನವೆಂದು ಗಟಕ್ಕನೆ ಕುಡಿದೆ.

ಗಂಟಲಿನಿಂದ ಹೊಟ್ಟೆಯವರೆಗೆ ಬೆಂಕಿ! ಅಕ್ಕಿಯಿಂದ ಇಳಿಸಿದ ಮದ್ಯವಂತೆ. ಬಂದವರಿಗೆಲ್ಲ ಮೊದಲು ಒಂದು ಬಟ್ಟಲು ಕೊಡುವುದು ಆ ಬಾರಿನ ಕ್ರಮವಂತೆ. ಇದೆಲ್ಲ ತಿಳಿದದ್ದು ಆಮೇಲೆ. ಆ ಊದುಬತ್ತಿಯ ಹೊಗೆಯಲ್ಲಿ ಬೇರೆ ವಾಸನೆ ಮೂಗಿಗೆ ಹತ್ತುವಂತಿರಲಿಲ್ಲ.

ಪಕ್ಕದ ಟೇಬಲ್ಲಿನಲ್ಲಿ ನಾಲ್ವರು ಕಾಲೇಜು ಮಕ್ಕಳು ನನ್ನನ್ನೇ ನೋಡುತ್ತಿದ್ದರು. "ಅಂಕಲ್, ಜಪಾನಿನಲ್ಲಿ ಹೀಗೆಯಾ ಕುಡಿಯುವುದು?" ಎಂದು ಒಬ್ಬಳು ಕೇಳಿದಳು. ನನಗೆ ಸ್ವರ ಹೊರಡುವ ಮೊದಲೇ ನಾಲ್ವರೂ ಅಂಗೈಗೆ ಬಗ್ಗಿಸಿಕೊಂಡು, ತಟ್ಟೆಗಳ ಸುತ್ತ ಬಿಟ್ಟು, ಭಕ್ತಿಯಿಂದ ಕುಡಿದರು. ಒಬ್ಬ ಅಪ್ರದಕ್ಷಿಣವಾಗಿ ಬಿಟ್ಟ. ಅಂಥ ಹೊತ್ತಿನಲ್ಲೂ ತಿದ್ದಲು ನನ್ನ ನಾಲಿಗೆ ತುರಿಸಿತು.

"ಎಂತ ಆಯ್ತು ನಿಮಗೆ? ಎಂತ ಕುಡಿದದ್ದು?" ಹೆಂಡತಿ ಗಾಬರಿಯಿಂದ ತನ್ನ ಬಟ್ಟಲಿಗೆ ಕೈ ಚಾಚಿದಳು.

ಭೂಮಿ ಬಾಯಿಬಿಡಬಾರದೇ ಅನಿಸಿತು. ಮಂತ್ರ ಹೇಳಿ ಕುಡಿದಿದ್ದೆ! ಸುಮ್ಮನೆ ಕುಡಿಯುವವರೇ ನನಗಿಂತ ವಾಸಿ. ಅಷ್ಟರಲ್ಲಿ ಹುಡುಗ ಓಡಿ ಬಂದ. ನನ್ನ ಮುಖ ನೋಡಿದ, ಒದ್ದೆಯಾದ ಮೇಜು ನೋಡಿದ, ಎರಡೂ ಬಟ್ಟಲು ಎತ್ತಿಕೊಂಡ.

"ನೀರು ಅಮ್ಮ. ಶುಂಠಿ ಹಾಕಿದ ನೀರು, ಸ್ವಲ್ಪ ಖಾರ. ನಾನು ಮೊದಲೇ ಹೇಳಬೇಕಿತ್ತು."

ಅವನು ನಗಲಿಲ್ಲ. ಒಂದು ಕಿರುನಗೆ ನಕ್ಕಿದ್ದರೂ ಸಾಕಿತ್ತು, ಅವನ ಕೆಲಸದ ಬಗ್ಗೆ ನಾನು ಜನ್ಮದಲ್ಲಿ ಮತ್ತೆ ಬಾಯಿ ತೆರೆಯುವಂತಿರಲಿಲ್ಲ. ಅವನು ಮೇಜು ಒರೆಸಿ, ಬೇರೆ ಎಲೆ ತರಿಸಿ, ಸ್ಟೀಲಿನ ಲೋಟದಲ್ಲಿ ನಿಜವಾದ ನೀರು ಇಟ್ಟ. "ಇನ್ನೊಮ್ಮೆ ಸುರು ಮಾಡಿ ಸರ್," ಎಂದು ಮೆಲ್ಲಗೆ ಹೇಳಿ, ನನಗೆ ಬೆನ್ನು ಹಾಕಿ, ಆ ಮಕ್ಕಳ ಕಣ್ಣಿಗೆ ಅಡ್ಡವಾಗಿ ನಿಂತ. ನಾನು ಎರಡನೆಯ ಸಲ ಅನ್ನವನ್ನು ಸತ್ಯದಿಂದ ಸುತ್ತುವರಿದೆ.

"ನಿಜವಾಗಿ ನೀರಾ?" ಹೆಂಡತಿ ನನ್ನನ್ನೇ ಕೇಳಿದಳು.

"ನೀರೇ," ಎಂದೆ. ಸುಳ್ಳು ಹೇಳಿದವನು ನಾನು. ಕಿವಿ ಕೆಂಪಾದದ್ದು ಆ ಹುಡುಗನದು.

ವಾಪಸು ಬರುವಾಗ ಮಗಳೇ ಕಾರು ಓಡಿಸಿದಳು. ಮನೆಯಿಂದ ಗಟ್ಟಿ ಮಾಡಿಕೊಂಡು ಬಂದಿದ್ದ "ಬೇಡ" ಎಲ್ಲಿ ಹೋಯಿತೆಂದು ನಾನು ಒಳಗೆಲ್ಲ ಹುಡುಕುತ್ತಿದ್ದೆ.

"ಶುಂಠಿಯ ವಾಸನೆ ನನಗೆ ಗೊತ್ತಿಲ್ಲವಾ?" ಎಂದಳು ಹಿಂದಿನ ಸೀಟಿನಿಂದ ಹೆಂಡತಿ. "ಇಷ್ಟು ವರ್ಷದಲ್ಲಿ ನೀವು ನನ್ನ ಹತ್ತಿರ ಸುಳ್ಳು ಹೇಳಿದ್ದು ಇದೇ ಮೊದಲು. ಅವನ ಮಾತು ಉಳಿಸಲಿಕ್ಕೆ ಹೇಳಿದಿರಿ ಅಲ್ವಾ?"

"ಅವನು ನನ್ನ ಮಾನ ಉಳಿಸಲಿಲ್ಲವಾ?" ಎಂದು ಸಿಡುಕಿದೆ.

ಕಾರಿನ ವೇಗ ಇಳಿಯಿತು. "ಅಪ್ಪ, ಹಾಗಾದರೆ..." ಮಗಳು ನನ್ನ ಕಡೆ ತಿರುಗಿದಳು.

"ಅವನ ಅಪ್ಪನಿಗೆ ಆದಿತ್ಯವಾರ ಪುರುಸೊತ್ತು ಉಂಟಾ ಕೇಳು. ಎಲ್ಲರೂ ಮನೆಗೆ ಊಟಕ್ಕೆ ಬರಲಿ. ನೀರು ಮಾತ್ರ ನಮ್ಮ ಬಾವಿಯದ್ದು."

ಅವಳು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆಯಿಟ್ಟು ಅತ್ತಳು. ಈ ನಾಲ್ಕು ತಿಂಗಳಲ್ಲಿ ಅವಳು ಎಷ್ಟು ಸಲ ಹೀಗೆ ಒಬ್ಬಳೇ ಅತ್ತಿರಬಹುದೆಂದು ನನಗೆ ಹೊಳೆದದ್ದೇ ಆಗ. ನಾನೂ ಕಣ್ಣೊರೆಸಿಕೊಂಡೆ. ಯಾರಾದರೂ ಕೇಳಿದ್ದರೆ ಶುಂಠಿಯ ಖಾರ ಎನ್ನುತ್ತಿದ್ದೆ.